ಸದ್ದಿಲ್ಲದ ಕೋಣೆಯಲ್ಲಿ ಪಾಸಾದ ಹುಡುಗಿ

ಆ ಹೊತ್ತಿನಲ್ಲಿ ನಾನು ನಿಂತಿದ್ದದ್ದು ಶಾಲೆಯ ನೆಲಮಹಡಿಯ ಕಾರಿಡಾರಿನಲ್ಲಿ, ಹೆಡ್‌ಮಿಸ್ಟ್ರೆಸ್ ಕೋಣೆಯ ಬಾಗಿಲಿಗೂ ಕುಡಿಯುವ ನೀರಿನ ನಲ್ಲಿಗಳಿಗೂ ನಡುವೆ. ಬೆನ್ನ ಹಿಂದೆ ನೋಟಿಸ್ ಬೋರ್ಡು, ಕೈಯಲ್ಲಿ ಹೆಡ್‌ಫೋನಿನ ಪೆಟ್ಟಿಗೆ. ಕೊರೋನಾ ಬರುವುದಕ್ಕೆ ಹಿಂದಿನ ವರ್ಷದ ಆಷಾಢ, ಬೋನಾಲು ಹಬ್ಬದ ವಾರ, ಶುಕ್ರವಾರ ಸಂಜೆ. ಶಾಲೆ ಬಿಡುವ ಗಂಟೆ ಆಗಷ್ಟೇ ಬಾರಿಸಿತ್ತು. ಇದನ್ನೆಲ್ಲ ಮೊದಲೇ ಹೇಳುವುದಕ್ಕೆ ಕಾರಣವಿದೆ. ನಾನು ನಿಂತ ಜಾಗದಿಂದ ಒಬ್ಬ ಹುಡುಗಿಯ ತಂದೆಯ ಬಲಗೈ ಕಾಣುತ್ತಿತ್ತು. ಹುಡುಗಿಯ ಮುಖ ಪೂರ್ತಿ ಕಾಣುತ್ತಿತ್ತು. ತಂದೆಯ ಮುಖ ಕಾಣುತ್ತಿರಲಿಲ್ಲ. ಅದರಲ್ಲಿ ಏನಿತ್ತೋ ನಾನು ಹೇಳಲಾರೆ.

ನನ್ನ ಕೆಲಸ ಮಕ್ಕಳ ಕಿವಿ ಪರೀಕ್ಷಿಸುವುದು. ಹುಟ್ಟಿದ್ದು ರಾಯಚೂರು, ಬದುಕಿದ್ದೆಲ್ಲ ಹೈದರಾಬಾದು. ಲಿಂಗಂಪಲ್ಲಿ ಸ್ಟೇಷನ್ನಿನಿಂದ ನಡೆದುಹೋಗುವಷ್ಟು ದೂರದಲ್ಲಿ ಒಂದು ಸಣ್ಣ ಕ್ಲಿನಿಕ್ಕಿನಲ್ಲಿ ಕೂರುತ್ತೇನೆ. ವರ್ಷದಲ್ಲಿ ಕೆಲವು ವಾರ ಶಾಲೆಗಳಿಗೆ ಹೋಗುತ್ತೇವೆ. ಕಿವಿ ಕೇಳದ ಮಕ್ಕಳನ್ನು ಕಂಡುಹಿಡಿಯುವುದು ಸುಲಭ. ನಾವು ಹುಡುಕುತ್ತಿದ್ದದ್ದು ಬೇರೆ ಥರದ ಮಕ್ಕಳನ್ನು. ಇವರಿಗೆ ಕಿವಿ ಚೆನ್ನಾಗಿಯೇ ಇರುತ್ತದೆ. ಸಣ್ಣ ಸದ್ದೂ ಕೇಳುತ್ತದೆ. ಆದರೆ ಫ್ಯಾನು, ಬೆಂಚು, ಪಕ್ಕದವನ ಪಿಸುಮಾತು, ರಸ್ತೆಯ ಹಾರ್ನು ಎಲ್ಲ ಒಟ್ಟಿಗೆ ಬಂದಾಗ ಅವುಗಳ ನಡುವಿನಿಂದ ಟೀಚರ ಮಾತನ್ನು ಬಿಡಿಸಿಕೊಳ್ಳಲು ಮೆದುಳು ತಡವರಿಸುತ್ತದೆ. ಇಂಥ ಮಗುವನ್ನು ಶಾಲೆಯಲ್ಲೂ ಮನೆಯಲ್ಲೂ ಕರೆಯುವ ಹೆಸರು ಒಂದೇ: ಹೇಳಿದ ಮಾತು ಕೇಳದವಳು. ಅದು ಹಾಗಲ್ಲ ಎಂದು ತಂದೆತಾಯಿಗೆ ತಿಳಿಸಿ ಹೇಳುವುದೇ ನನ್ನ ಕೆಲಸದ ಅರ್ಧ ಭಾಗ. ಇಷ್ಟು ವರ್ಷ ಅದೇ ಮಾತನ್ನು ತೆಲುಗಿನಲ್ಲಿ, ಹಿಂದಿಯಲ್ಲಿ, ಕನ್ನಡದಲ್ಲಿ ಹೇಳಿ ಹೇಳಿ, ಈಗ ನನ್ನ ದನಿ ನನಗೇ ಬೇಸರ ತರಿಸುತ್ತದೆ.

ಆ ಶಾಲೆ ಇದ್ದದ್ದು ಮಿಯಾಪುರದ ದೊಡ್ಡ ರಸ್ತೆಯ ಮೇಲೆ. ಮೆಟ್ರೋ ಹಳಿ ಕಿಟಕಿಯಿಂದ ಕಾಣುತ್ತಿತ್ತು. ಹೆಡ್‌ಮಿಸ್ಟ್ರೆಸ್ ನಿವೃತ್ತಿಯ ಅಂಚಿನಲ್ಲಿದ್ದ ತೆಲುಗು ಮಹಿಳೆ. ಗಂಜಿ ಹಾಕಿದ ಕಾಟನ್ ಸೀರೆ, ಎಲ್ಲರಿಗೂ 'ಗಾರು' ಹಚ್ಚಿ ಮಾತಾಡುವ ಮರ್ಯಾದೆ. ಡಾಕ್ಟರು ಬರುತ್ತಾರೆ ಎಂದು ಆಕೆ ತನ್ನ ಸ್ವಂತ ಕೋಣೆಯನ್ನೇ ಬಿಟ್ಟುಕೊಟ್ಟಿದ್ದರು. ನಾನು ಡಾಕ್ಟರಲ್ಲ ಎಂದು ಎಷ್ಟು ಹೇಳಿದರೂ ಕೇಳಲಿಲ್ಲ. ನೆಲಕ್ಕೆ ಜಮಖಾನೆ, ಕಿಟಕಿಗೆ ದಪ್ಪ ಪರದೆ, ಏಸಿ. ನಾವು ಇದ್ದಷ್ಟು ಹೊತ್ತು ಪಿರಿಯಡ್ ಗಂಟೆ ಬಾರಿಸಕೂಡದು, ಬೋರ್‌ವೆಲ್ ಮೋಟರು ಹಾಕಕೂಡದು ಎಂದು ಅಪ್ಪಣೆಯಾಗಿತ್ತು. ಶಾಲೆಯ ಆಯಾ ಕಾರಿಡಾರಿನಲ್ಲಿ ತುಟಿಯ ಮೇಲೆ ಬೆರಳಿಟ್ಟುಕೊಂಡೇ ನಿಂತಿದ್ದಳು. ಅತಿಥಿಗಳಿಗೆ ಇಷ್ಟಾದರೂ ಮಾಡದಿದ್ದರೆ ಹೇಗೆ ಎಂಬುದು ಹೆಡ್‌ಮಿಸ್ಟ್ರೆಸ್ ಭಾವನೆ. ಮಕ್ಕಳು ಕೂತು ಪಾಠ ಕೇಳುವ ಮೂರನೇ ಮಹಡಿಗೂ ಆ ಕೋಣೆಗೂ ಸಂಬಂಧವೇ ಇರಲಿಲ್ಲ.

ನನ್ನ ಜೊತೆ ಬಂದಿದ್ದವಳು ಮೈಸೂರಿನ ಹುಡುಗಿ. ಓದು ಮುಗಿಸಿ ಆಗತಾನೇ ನಮ್ಮ ಕ್ಲಿನಿಕ್ಕಿಗೆ ಸೇರಿದ್ದಳು. ತೆಲುಗು ಬಾರದು, ಹಿಂದಿ ಹರಕುಮುರುಕು. ಹಾಸ್ಟೆಲಿನಲ್ಲಿ ಒಬ್ಬಳೇ ಇರುತ್ತಿದ್ದಳು. ಬೆಳಗ್ಗೆಯಿಂದ ತೆಲುಗು ಮಕ್ಕಳಿಗೆ ಹೆಡ್‌ಫೋನಿನಲ್ಲಿ ಗದ್ದಲ ಬೆರೆಸಿದ ಮಾತಿನ ರೆಕಾರ್ಡಿಂಗ್ ಹಾಕಿ, ಸನ್ನೆ ಮಾಡಿ ಮಾಡಿ ಸುಸ್ತಾಗಿದ್ದಳು. ನಾನು ಪಕ್ಕದ ಲೈಬ್ರರಿಯಲ್ಲಿ ಬೇರೆ ಮಕ್ಕಳನ್ನು ನೋಡುತ್ತಿದ್ದೆ.

ಕೊನೆಯದಾಗಿ ಒಳಗೆ ಹೋದವಳು ನಾಲ್ಕನೇ ತರಗತಿಯ ಈ ಹುಡುಗಿ. ತಂದೆಗೆ ಅಬಿಡ್ಸ್‌ನಲ್ಲಿ ಬಟ್ಟೆ ಅಂಗಡಿ, ಮೂಲ ಹುಮನಾಬಾದಿನ ಕಡೆ. ಇವಳ ಬಗ್ಗೆ ಹೆಡ್‌ಮಿಸ್ಟ್ರೆಸ್ ಮೊದಲೇ ಹೇಳಿದ್ದರು. ಮೂವರು ಟೀಚರುಗಳ ದೂರಿದೆ, ಹೇಳಿದ್ದು ಒಂದು, ಇವಳು ಮಾಡುವುದು ಒಂದು. ಕಿವಿಯಲ್ಲಿ ತೊಂದರೆ ಇದ್ದರೆ ಸರಿ, ನಾವು ನೋಡಿಕೊಳ್ಳುತ್ತೇವೆ. ತೊಂದರೆ ಇಲ್ಲವೆಂದರೆ ಇದು ಹಟ, ಟಿಸಿ ತೆಗೆದುಕೊಂಡು ಹೋಗಲಿ. ತಂದೆಯೂ ಅದಕ್ಕೆ ತಯಾರಾಗಿದ್ದರು. ಹುಮನಾಬಾದಿನ ಒಂದು ಹಾಸ್ಟೆಲಿನಲ್ಲಿ ಸೀಟು ಮಾತಾಡಿ ಇಟ್ಟಿದ್ದರು. ಒಂಬತ್ತು ವರ್ಷದ ಮಗು ತಾಯಿಯನ್ನು ಬಿಟ್ಟು ಹಾಸ್ಟೆಲಿಗೆ ಹೋಗಬೇಕೋ ಬೇಡವೋ ಎಂಬುದು ಆ ಸಂಜೆ ನಮ್ಮ ಒಂದು ಮಾತಿನ ಮೇಲೆ ನಿಂತಿತ್ತು. ಅದು ನನಗೂ ಗೊತ್ತಿತ್ತು, ನನ್ನ ಸಹೋದ್ಯೋಗಿಗೂ ಗೊತ್ತಿತ್ತು.

ನಾನು ಆ ಕೋಣೆಗೆ ಹೋದಾಗ ಪರೀಕ್ಷೆ ಮುಗಿದಿತ್ತು. ಮೈಸೂರಿನವಳೂ ಹುಡುಗಿಯೂ ಜಮಖಾನೆಯ ಮೇಲೆ ಮಂಡಿಗೆ ಮಂಡಿ ತಾಗಿಸಿ ಎದುರುಬದುರು ಕೂತು ನಗುತ್ತಿದ್ದರು. ಹೆಡ್‌ಫೋನು ಪೆಟ್ಟಿಗೆಯಲ್ಲೇ ಇತ್ತು, ಹಿಂದಿನ ಮಗುವಾದ ಮೇಲೆ ಸುತ್ತಿಟ್ಟ ವೈರು ಬಿಚ್ಚಿರಲಿಲ್ಲ.

"ಇದನ್ನ ಹಾಕಲೇ ಇಲ್ವಾ?" ಅಂದೆ.

"ಬೇಕಾಗ್ಲಿಲ್ಲ ಸರ್. ನಮ್ಮೋಳು ಸರ್ ಇವಳು! ಕನ್ನಡ! ಬಂದವಳೇ 'ನಮಸ್ಕಾರ್ರೀ ಟೀಚರ್' ಅಂದ್ಳು, ನಂಗೆ ಅಳುನೇ ಬಂದುಬಿಡ್ತು. ಪಾಪ, ಆ ತೆಲುಗು ರೆಕಾರ್ಡಿಂಗ್ ಯಾಕೆ ಇವಳಿಗೆ ಅಂತ ನಾನೇ ಕನ್ನಡದಲ್ಲಿ ಹೇಳಿದೆ. ಅಂಕೆ, ಪದ, ವಾಕ್ಯ, ಎಲ್ಲಾ. ಒಂದೂ ತಪ್ಪಿಲ್ಲ ಸರ್, ಜಾಣೆ."

ಹೊರನಾಡಿನಲ್ಲಿ ಬದುಕುವ ನಮಗೆಲ್ಲ ಇದು ಅರ್ಥವಾಗುವ ಸಂಗತಿ. ಬಸ್ಸಿನಲ್ಲಿ, ಆಸ್ಪತ್ರೆಯ ಸಾಲಿನಲ್ಲಿ, ಎಲ್ಲೇ ಆಗಲಿ ಒಂದು ಕನ್ನಡದ ಮಾತು ಕಿವಿಗೆ ಬಿದ್ದರೆ ಸಾಕು, ನಿಯಮ ಗಿಯಮ ಎಲ್ಲ ಮರೆತು 'ಯಾವ ಊರ್ರೀ' ಎಂದು ಕೇಳಿಬಿಡುತ್ತೇವೆ. ಅವಳು ಮಾಡಿದ್ದೂ ಅಷ್ಟೇ. ಸದ್ದಿಲ್ಲದ ಕೋಣೆಯಲ್ಲಿ, ಮುಖಕ್ಕೆ ಮುಖ ಕೊಟ್ಟು, ನಿಧಾನವಾಗಿ, ಅಕ್ಕರೆಯಿಂದ ಒಂದೊಂದೇ ಮಾತು ಹೇಳಿದ್ದಳು. ಹುಡುಗಿ ಅವಳ ಬಾಯಿ ನೋಡುತ್ತ ಎಲ್ಲವನ್ನೂ ತಿರುಗಿ ಹೇಳಿದ್ದಳು. ಸದ್ದಿನೊಳಗಿಂದ ಮಾತು ಹೆಕ್ಕಲು ಬರುತ್ತದೋ ಇಲ್ಲವೋ ಎಂದು ನೋಡುವ ಪರೀಕ್ಷೆಯಲ್ಲಿ ಸದ್ದೇ ಇರಲಿಲ್ಲ.

ನಾನು ಅದನ್ನು ಹೇಳಲು ಬಾಯಿ ತೆರೆಯುವಷ್ಟರಲ್ಲಿ ಹೊರಗೆ ಹೆಡ್‌ಮಿಸ್ಟ್ರೆಸ್ ದನಿ ಕೇಳಿಸಿತು. ಬಾಗಿಲಲ್ಲೇ ನಿಂತು ಅವರು 'ಒಂದೂ ತಪ್ಪಿಲ್ಲ' ಎಂಬುದನ್ನು ಕೇಳಿಸಿಕೊಂಡಿದ್ದರು. ಕನ್ನಡ ಬಾರದಿದ್ದರೂ 'ತಪ್ಪು' ತೆಲುಗಿನಲ್ಲೂ ತಪ್ಪೇ, ಉಳಿದದ್ದನ್ನು ಮೈಸೂರಿನವಳ ನಗುಮುಖ ಹೇಳಿತ್ತು. ಕಾರಿಡಾರಿನಲ್ಲಿ ಕಾದು ನಿಂತಿದ್ದ ತಂದೆಗೆ ಸಂತೋಷದಿಂದಲೇ ಹೇಳಿದರು, ಕಿವಿಯಲ್ಲಿ ಏನೂ ದೋಷವಿಲ್ಲ, ಎಲ್ಲ ನಾರ್ಮಲ್ ಎಂದು. ನಾನು ಹೆಡ್‌ಫೋನಿನ ಪೆಟ್ಟಿಗೆ ಎತ್ತಿಕೊಂಡು ಹೊರಗೆ ಓಡಿದೆ. ನನ್ನ ಪಕ್ಕದಿಂದ ನುಸುಳಿ ಹುಡುಗಿಯೂ ಹೊರಗೆ ಬಂದಳು. ಅಷ್ಟರಲ್ಲಿ, ದಿನವಿಡೀ ತಡೆದು ಇಟ್ಟಿದ್ದ ಗಂಟೆ ಬಾರಿಸಿತು.

ಮೂರು ಮಹಡಿಯ ಮಕ್ಕಳು ಒಮ್ಮೆಗೇ ಮೆಟ್ಟಿಲಿಳಿದರು. ಬ್ಯಾಗು, ಬೂಟು, ನೀರಿನ ಬಾಟಲಿ, ಕೂಗು. ಹೊರಗೆ ಆಟೋಗಳ ಹಾರ್ನು. ದೂರದಲ್ಲಿ ಬೋನಾಲಿನ ಡಪ್ಪು ಬಡಿತ. ತಂದೆ ಮಗಳಿಗೆ ಏನೋ ಹೇಳಿದರು. ನನಗೆ ಕೇಳಿಸಿದ್ದು ಇಷ್ಟು: "ಕಿವಿ ಛಲೋ ಐತಂತ ನಿಂದು. ಹಂಗಾರ ಇಷ್ಟು ದಿನ ನಾಟಕ ಮಾಡಾಕತ್ತಿದ್ದೇನ?"

ಹುಡುಗಿ ನಗುತ್ತಲೇ ಇದ್ದಳು. ಒಳಗಿನ ನಗು ಇನ್ನೂ ಮುಖದ ಮೇಲಿತ್ತು.

"ನಗ್ತೀ ಮತ್ತ?" ಎಂದವರೇ ಹೊಡೆದರು. ಕೆನ್ನೆಯ ಮೇಲೆ, ಒಂದೇ ಏಟು. ಆ ಗದ್ದಲದಲ್ಲಿ ಅದರ ಸದ್ದು ಕೇಳಿಸಲಿಲ್ಲ. ಇದನ್ನೂ ಹೇಳಬೇಕು. ನಾನು ಕಂಡೆ, ಕೇಳಲಿಲ್ಲ.

ನನ್ನನ್ನು ಇವತ್ತಿಗೂ ಬಿಡದಿರುವುದು ಆ ಏಟಲ್ಲ, ಆಮೇಲೆ ಅವಳು ಮಾಡಿದ್ದು. ಅವಳು ಅಳಲಿಲ್ಲ. ಕೆನ್ನೆ ಮುಟ್ಟಿಕೊಳ್ಳಲೂ ಇಲ್ಲ. ತಂದೆಯ ಕಡೆಯಿಂದ ತಿರುಗಿ, ಹತ್ತಿರ ನಿಂತಿದ್ದ ಆಯಾಳ ಬಾಯಿಯನ್ನೇ ನೋಡಿದಳು. ಆಯಾ ಹೆದರಿ "ಕೊಟ್ಟೊದ್ದು ಸಾರ್, ಕೊಟ್ಟೊದ್ದು" ಎನ್ನುತ್ತಿದ್ದಳು, ಹೊಡೆಯಬೇಡಿ ಎಂದು. ಹುಡುಗಿ ಅವಳ ಸೆರಗು ಹಿಡಿದು ಕೇಳಿದಳು. ನನಗೆ ತುಟಿ ಕಾಣುತ್ತಿತ್ತು: ನಾನ್ನ ಏಮನ್ನಾರು? ಅಪ್ಪ ಏನಂದರು?

ಅವಳಿಗೆ ಮಾತು ತಲುಪಿರಲಿಲ್ಲ. ಏಟು ಮಾತ್ರ ತಲುಪಿತ್ತು.

ಮೈಸೂರಿನವಳು ಬಾಗಿಲಲ್ಲಿ ನಿಂತು ಇದನ್ನೆಲ್ಲ ನೋಡಿದಳು. ತಂದೆ ಮಗಳ ಬ್ಯಾಗನ್ನು ತಾವೇ ಹೆಗಲಿಗೆ ಹಾಕಿಕೊಂಡು ಅವಳ ಕೈ ಹಿಡಿದು ನಡೆದರು. ನಾನು ಗೇಟಿನವರೆಗೂ ಹಿಂದೆ ಹೋದೆ.

"ನಿಂದರ್ರಿ, ಒಂದ್ ಮಾತು. ಪರೀಕ್ಷೆ ಪೂರಾ ಆಗಿಲ್ರಿ. ಇನ್ನೊಮ್ಮೆ ಮಾಡಬೇಕು."

"ಪಾಸ್ ಅಂದ್ರಲ್ರೀ ಈಗ?"

"ಅದು ಸರಿಯಾಗಿ ಮಾಡಿದ್ದಲ್ಲ. ತಪ್ಪು ನಮ್ದು."

ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಇವತ್ತು ಪಾಸು, ನಾಳೆ ಫೇಲು. ಇದೇನು ಲಾಟರಿ ಏನ್ರೀ ಸರ? ಅಂಗಡಿ ಬಿಟ್ಟು ಬಂದೀನಿ, ಗಿರಾಕಿ ಟೈಮ್ ಐತಿ." ಆಟೋ ಹತ್ತಿಸಿಕೊಂಡು ಹೋದರು.

ಮೆಟ್ರೋ ಸ್ಟೇಷನ್ನಿನವರೆಗೆ ನಾನೂ ಮೈಸೂರಿನವಳೂ ನಡೆದೆವು. ಮೆಟ್ಟಿಲ ಹತ್ತಿರ ಅವಳು ನಿಂತಳು.

"ನಂಗೆ ಗೊತ್ತಿತ್ತು ಸರ್, ಬಾಯಿ ತೋರಿಸಬಾರದು ಅಂತ. ಮೊದಲನೇ ವರ್ಷದಲ್ಲೇ ಹೇಳಿಕೊಟ್ಟಿರ್ತಾರೆ. ಕನ್ನಡ ಕೇಳಿದ ತಕ್ಷಣ ಎಲ್ಲ ಮರೆತುಹೋಯ್ತು. ನಂಗೆ ಅವಳ ಪರೀಕ್ಷೆ ಮಾಡ್ತಿದೀನಿ ಅಂತ್ಲೇ ಅನ್ನಿಸ್ಲಿಲ್ಲ, ಮನೆಗೆ ಬಂದ ಮಗೂನ ಮಾತಾಡಿಸ್ತಿದೀನಿ ಅನ್ನಿಸ್ತು."

ಅವಳನ್ನು ಬಯ್ಯುವ ಶಕ್ತಿ ನನಗಿರಲಿಲ್ಲ. ಮನಸ್ಸೂ ಇರಲಿಲ್ಲ. ಸೋಮವಾರ ಬೆಳಗ್ಗೆ ಮತ್ತೆ ಹೋಗೋಣ, ಟಿಸಿ ಬರೆಯುವುದಕ್ಕೆ ಮುಂಚೆ, ಅಂದೆ.

ಸೋಮವಾರ ಹೆಡ್‌ಮಿಸ್ಟ್ರೆಸ್ ನಮ್ಮ ಮಾತು ಕೇಳಿ ಕೊಂಚ ನೊಂದುಕೊಂಡರು. ಇಷ್ಟೆಲ್ಲ ನಿಶ್ಶಬ್ದ ಮಾಡಿಕೊಟ್ಟೆನಲ್ಲ, ಇನ್ನೇನು ಬೇಕಿತ್ತು ಎಂದು ತೆಲುಗಿನಲ್ಲಿ ಕೇಳಿದರು. ಆ ನಿಶ್ಶಬ್ದದಲ್ಲೇ ತಪ್ಪಾದದ್ದು ಮೇಡಂ, ಅಂದೆ. ಒಂದು ಪಿರಿಯಡ್ ಆ ತರಗತಿಯಲ್ಲಿ ನಮ್ಮ ಜೊತೆ ಕೂರಿ ಎಂದು ಕೇಳಿಕೊಂಡೆ. ಮಂಡಿನೋವಿನಲ್ಲೇ ಮೂರು ಮಹಡಿ ಹತ್ತಿದರು. ಹಿಂದಿನ ಬೆಂಚಿನಲ್ಲಿ ಕಾಲು ಪಕ್ಕಕ್ಕೆ ಚಾಚಿ ಕೂತರು.

ಫ್ಯಾನುಗಳು ಕಟಕಟ ಎನ್ನುತ್ತಿದ್ದವು. ಕಿಟಕಿಯೆಲ್ಲ ತೆರೆದಿತ್ತು. ಸೈನ್ಸ್ ಟೀಚರು ಬೋರ್ಡಿನ ಕಡೆ ತಿರುಗಿಕೊಂಡೇ, ಪುಸ್ತಕ ತೆಗೆಯಿರಿ, ಎಡಗಡೆಯ ಚಿತ್ರ ಮಾತ್ರ ಬರೆಯಿರಿ ಎಂದರು. ಮೆಟ್ರೋ ಹಾದುಹೋಯಿತು. ಅದು ಹೋಗುವವರೆಗೆ ಕಾಯುವ ಅಭ್ಯಾಸ ಆ ಟೀಚರಿಗೆ ಎಂದೋ ಬಿಟ್ಟುಹೋಗಿತ್ತು. ಮಕ್ಕಳೆಲ್ಲ ತಲೆ ಬಗ್ಗಿಸಿದರು. ನಮ್ಮ ಹುಡುಗಿ ಮಾತ್ರ ಬಗ್ಗಿಸಲಿಲ್ಲ. ಮೊದಲು ಪಕ್ಕದವಳ ಕೈ ನೋಡಿದಳು, ಆಮೇಲೆ ಮುಂದಿನ ಬೆಂಚು ನೋಡಿದಳು, ಆಮೇಲೆ ಪುಸ್ತಕ ತೆರೆದಳು. ಎಲ್ಲದರಲ್ಲೂ ಒಂದು ಉಸಿರು ಹಿಂದೆ. ಪಕ್ಕದವಳು ಅವಸರದಲ್ಲಿ ಬಲಗಡೆಯ ಚಿತ್ರ ಬರೆದಿದ್ದಳು. ಇವಳೂ ಅದನ್ನೇ ಬರೆದಳು. ಟೀಚರು ಸಾಲುಗಳ ನಡುವೆ ಬಂದು ಪಕ್ಕದವಳಿಗೆ 'ಸರಿಯಾಗಿ ನೋಡು' ಎಂದರು, ಇವಳಿಗೆ 'ಕಾಪಿ ಹೊಡೆಯುತ್ತೀಯಾ' ಎಂದು ಪುಸ್ತಕ ಕಿತ್ತುಕೊಂಡರು.

ಹೆಡ್‌ಮಿಸ್ಟ್ರೆಸ್ ಕೆಳಗಿಳಿಯುವಾಗ ಕಂಬಿ ಹಿಡಿದು ಒಂದೊಂದೇ ಮೆಟ್ಟಿಲು ಇಳಿದರು. ಕೊನೆಯ ಮೆಟ್ಟಿಲ ಮೇಲೆ ನಿಂತು, ನಾನು ಟಿಸಿ ಕೊಡುವುದಿಲ್ಲ, ಆದರೆ ತಂದೆಯೇ ಕೇಳಿದರೆ ತಡೆಯಲಾರೆ, ಅವರನ್ನು ನೀವೇ ಒಪ್ಪಿಸಬೇಕು ಎಂದರು.

ತಂದೆ ಬಂದದ್ದು ಹೆಡ್‌ಮಿಸ್ಟ್ರೆಸ್ ಫೋನು ಮಾಡಿದ್ದಕ್ಕೆ, ನನ್ನ ಮಾತಿಗಲ್ಲ. ಭಾನುವಾರ ಅಂಗಡಿ ತೆರೆಯುವುದಕ್ಕೆ ಮುಂಚೆ ಮಗಳನ್ನು ಕರೆದುಕೊಂಡು ಲಿಂಗಂಪಲ್ಲಿಗೆ ಬಂದರು. ಖುರ್ಚಿಯ ತುದಿಯಲ್ಲಿ ಕೂತರು. "ಲಗೂ ಮುಗಿಸ್ರಿ" ಅಂದರು.

ಮೈಸೂರಿನವಳು ಈ ಸಲ ಹುಡುಗಿಯ ಕೆನ್ನೆ ಸವರಲಿಲ್ಲ, ಊರು ಕೇಳಲಿಲ್ಲ. ಹೆಡ್‌ಫೋನು ತೆಗೆದು ಮೊದಲು ತಂದೆಯ ಮುಂದೆ ಹಿಡಿದಳು. "ಒಂದ್ಸಲ ನೀವು ಹಾಕ್ಕೊಳ್ಳಿ ಸರ್. ಎರಡೂ ಕಿವೀಲಿ ಒಟ್ಟಿಗೆ ಬೇರೆ ಬೇರೆ ಅಂಕೆ ಬರುತ್ತೆ. ಕೇಳಿಸಿದ್ದೆಲ್ಲ ಹೇಳಿ."

"ನನ್ನ ಕಿವಿಗೇನಾಗೇತಿ?" ಎಂದರೂ ಹಾಕಿಕೊಂಡರು. ಕನ್ನಡದ ಅಂಕೆಗಳು. ಒಂದನ್ನೂ ಬಿಡದೆ ಹೇಳಿದರು. ತೆಲುಗಿನದು ಹಾಕಿದಾಗಲೂ ಹಾಗೆಯೇ. ಹೆಡ್‌ಫೋನು ತೆಗೆಯುವಾಗ ಮೊದಲ ಸಲ ನಕ್ಕರು. "ಇದೇನು ಪರೀಕ್ಷಾರೀ? ನಮ್ಮ ಅಂಗಡಿಯಾಗ ದಿನಾ ಇದ. ಈ ಕಡೆ ಒಬ್ಬಾಕಿ ಮೀಟರ್ ಎಷ್ಟು ಅಂತಾಳ, ಆ ಕಡೆ ಒಬ್ಬಾಕಿ ಬಣ್ಣಾ ಹೋಗ್ತದೇನು ಅಂತಾಳ. ಇಬ್ಬರಿಗೂ ಒಮ್ಮೆಲೆ ಜವಾಬ್ ಕೊಡಬೇಕು. ಭಾಳ ಸುಲಭ ಐತಿ."

ಆಮೇಲೆ ಮಗಳಿಗೆ ಹಾಕಿದೆವು. ಗಾಜಿನ ಆ ಕಡೆ ಅವಳು, ಈ ಕಡೆ ನಾವು. ಅವಳ ಕಿವಿಗೆ ಹೋಗುವುದು ನಮಗೂ ಸಣ್ಣ ಸ್ಪೀಕರಿನಲ್ಲಿ ಕೇಳುತ್ತಿತ್ತು. ಬಲಗಿವಿಯ ಅಂಕೆಗಳನ್ನು ಹೇಳಿದಳು. ಎಡಗಿವಿಯವು ಬರಲಿಲ್ಲ. ಮತ್ತೆ ಹಾಕಿದರೂ ಬರಲಿಲ್ಲ. ಕನ್ನಡದಲ್ಲೂ ಅಷ್ಟೇ, ತೆಲುಗಿನಲ್ಲೂ ಅಷ್ಟೇ. ಅವಳ ಕಣ್ಣು ನಮ್ಮ ಮುಖಗಳ ಮೇಲೆ ಓಡಾಡಿತು. ಯಾವ ಬಾಯಿಯೂ ಅಲುಗುತ್ತಿರಲಿಲ್ಲ.

ಅಲ್ಲ, ಒಂದು ಬಾಯಿ ಅಲುಗಿತು. ತಂದೆ ಗಾಜಿಗೆ ಹತ್ತಿರ ಸರಿದು, ಸದ್ದು ಮಾಡದೆ, ತುಟಿ ಅಗಲಿಸಿ ಮಗಳಿಗೆ ಅಂಕೆ ಹೇಳಿಕೊಡುತ್ತಿದ್ದರು. ಅವಳು ಅದನ್ನು ಹಿಡಿದು ತಟ್ಟನೆ ಸರಿಯಾಗಿ ಹೇಳಿದಳು.

"ಸರ್, ಬಾಯಿ ಆಡಿಸಬೇಡಿ," ಎಂದಳು ನನ್ನ ಸಹೋದ್ಯೋಗಿ. ಅವಳ ದನಿ ಅಷ್ಟು ಗಟ್ಟಿಯಾಗಿದ್ದದ್ದನ್ನು ನಾನು ಕೇಳಿರಲಿಲ್ಲ. "ಅವತ್ತು ನಾನು ಮಾಡಿದ್ದೂ ಇದೇ. ಅದಕ್ಕೇ ಪಾಸಾದ್ಳು."

ಅವರು ಜೇಬಿನಿಂದ ಕರವಸ್ತ್ರ ತೆಗೆದು ಬಾಯಿಗೆ ಅಡ್ಡ ಹಿಡಿದುಕೊಂಡರು. ಗದ್ದಲದ ಪರೀಕ್ಷೆಯೂ ಮುಗಿಯುವವರೆಗೆ ಹಾಗೇ ಕೂತಿದ್ದರು. ಸಂತೆಯ ಗದ್ದಲದಂಥ ಸದ್ದಿನ ನಡುವೆ ಒಂದು ಹೆಣ್ಣುದನಿ ಸಣ್ಣ ಸಣ್ಣ ವಾಕ್ಯ ಹೇಳುತ್ತಿತ್ತು. ಹುಡುಗಿ ಮೊದಲೆರಡಕ್ಕೆ ಪ್ರಯತ್ನಿಸಿದಳು. ಆಮೇಲೆ, ತರಗತಿಯಲ್ಲಿ ಮಾಡುತ್ತಿದ್ದ ಹಾಗೆ, ಸುಮ್ಮನೆ ಕಾದಳು, ಯಾರಾದರೂ ಏನಾದರೂ ಮಾಡಲಿ, ನೋಡಿಕೊಂಡು ತಾನೂ ಮಾಡೋಣ ಎಂಬಂತೆ.

ಮುಗಿದ ಮೇಲೆ ತಂದೆ ಹೇಳಿದರು, "ಮನ್ಯಾಗ ಆಕಿ ಅವ್ವ ಭುಜ ಮುಟ್ಟಿ ಮಾತಾಡ್ತಾಳ್ರಿ. ಮುಟ್ಟಿ, ಮಾರಿ ತಿರುಗಿಸಿ, ಆಮ್ಯಾಲೆ ಹೇಳ್ತಾಳ. ನಾ ಮುದ್ದು ಮಾಡಿ ಕೆಡಿಸ್ಯಾಳ ಅಂತ ಆಕಿಗೇ ಬಯ್ತಿದ್ದೆ."

"ಅವರು ಮಾಡೋದು ಸರಿ ಐತ್ರಿ," ಅಂದೆ. ಒಂದು ದಿನದ ಪರೀಕ್ಷೆಯಿಂದ ಎಲ್ಲ ಹೇಳಲಾಗದು, ಕೆಲವು ವಾರ ಬಿಟ್ಟು ಮತ್ತೆ ನೋಡಬೇಕು, ಶಾಲೆಯಲ್ಲಿ ಮುಂದಿನ ಬೆಂಚು ಕೊಡಬೇಕು, ಟೀಚರು ಮುಖ ತೋರಿಸಿ ಮಾತಾಡಬೇಕು, ಅಭ್ಯಾಸ ಮಾಡಿಸಿದರೆ ಸುಧಾರಿಸುತ್ತದೆ. ಸಾವಿರ ಸಲ ಹೇಳಿದ ಮಾತುಗಳು. ಅವರು ತಲೆಯಾಡಿಸಿದರು. ಏಟಿನ ಮಾತು ಅವರೂ ಎತ್ತಲಿಲ್ಲ, ನಾವೂ ಎತ್ತಲಿಲ್ಲ.

ಹಾಸ್ಟೆಲಿನ ಸೀಟು ಬಿಟ್ಟುಕೊಟ್ಟರು. ಹುಡುಗಿ ಅದೇ ಶಾಲೆಯಲ್ಲಿ ಉಳಿದಳು. ಎರಡು ವರ್ಷ ನಮ್ಮಲ್ಲಿಗೆ ಅಭ್ಯಾಸಕ್ಕೆ ಬಂದಳು, ಕೊರೋನಾದ ತಿಂಗಳುಗಳನ್ನು ಬಿಟ್ಟು. ಈಗ ಹತ್ತನೇ ತರಗತಿ.

ಇದನ್ನೆಲ್ಲ ಈಗ ಬರೆಯಲು ಕೂತದ್ದು ಹೋದ ತಿಂಗಳು ಕಂಡ ಒಂದು ಸಂಗತಿಯಿಂದ. ಅಬಿಡ್ಸ್ ಹತ್ತಿರದ ಒಂದು ಹಾಲಿನಲ್ಲಿ ಆ ಮನೆಯವರದೊಂದು ನಿಶ್ಚಿತಾರ್ಥ. ನನ್ನನ್ನೂ ಕರೆದಿದ್ದರು. ಬೀದರಿನಿಂದ, ಕಲಬುರಗಿಯಿಂದ ಜನ ಬಂದಿದ್ದರು. ಸ್ಪೀಕರಿನಲ್ಲಿ ಹಾಡು, ಎಲ್ಲರೂ ಕೂಗಿಯೇ ಮಾತಾಡಬೇಕು. ಊಟದ ಸಾಲಿನ ಹತ್ತಿರ ತಂದೆ ನಿಂತಿದ್ದರು, ಪಕ್ಕದಲ್ಲಿ ಮಗಳು, ಅವರಷ್ಟೇ ಎತ್ತರ. ವಯಸ್ಸಾದ ಬೀಗರೊಬ್ಬರು ಚುಡಾಯಿಸಿದರು: "ಏನಪಾ, ಮಗಳು ಭಾಳ ಶಾಣ್ಯಾ ಆಗ್ಯಾಳಂತ. ಎಷ್ಟು ಬಡದು ಓದಿಸಿದಿ?"

"ಛೇ ಛೇ," ಎಂದರು ತಂದೆ. "ಈಕಿ ಮ್ಯಾಲೆ ನಾ ಒಂದು ದಿನಾನೂ ಕೈ ಎತ್ತಿಲ್ಲ ನೋಡ್ರಿ ಮಾವ. ಬೇಕಾದ್ರ ಈಕಿನ್ನೇ ಕೇಳ್ರಿ."

ಸುತ್ತಲಿದ್ದವರು ನಕ್ಕರು. ಹುಡುಗಿಯೂ ನಕ್ಕಳು, ಒಂದು ಉಸಿರು ತಡವಾಗಿ. ಆ ಒಂದು ಉಸಿರಿನ ತಡ ನನಗೆ ಚೆನ್ನಾಗಿ ಗೊತ್ತು. ಮಾತು ಅವಳಿಗೆ ತಲುಪಿತ್ತೋ, ಎಲ್ಲರೂ ನಕ್ಕರೆಂದು ನಕ್ಕಳೋ, ನಾನು ನಿಂತಲ್ಲಿಂದ ಹೇಳಲಾರೆ. ಆದರೆ ತಂದೆ ಸುಳ್ಳು ಹೇಳುತ್ತಿರಲಿಲ್ಲ. ಈ ಸಲ ಅವರ ಮುಖ ನನಗೆ ಕಾಣುತ್ತಿತ್ತು. ಅವರು ಅದನ್ನು ನಿಜಕ್ಕೂ ಮರೆತಿದ್ದರು. ಬಾಯಿಗೆ ಕರವಸ್ತ್ರ ಅಡ್ಡ ಹಿಡಿದು ಕೂತ ಮನುಷ್ಯನೂ ಅವರೇ. ಒಂದನ್ನು ಹೇಳಿ ಇನ್ನೊಂದನ್ನು ಬಿಡುವುದು ನನ್ನಿಂದಾಗದು.

ಆ ಶುಕ್ರವಾರ ಕಾರಿಡಾರಿನಲ್ಲಿ ನಡೆದದ್ದನ್ನು ಕಂಡವರಲ್ಲಿ ಹೆಡ್‌ಮಿಸ್ಟ್ರೆಸ್ ಈಗಿಲ್ಲ, ಎರಡನೇ ಅಲೆಯಲ್ಲಿ ತೀರಿಕೊಂಡರು. ನನ್ನ ಸಹೋದ್ಯೋಗಿ ಮೈಸೂರಿಗೆ ಮರಳಿ, ಅಲ್ಲಿಯೇ ಮಕ್ಕಳ ಕಿವಿ ನೋಡುತ್ತಾಳೆ. ಪರೀಕ್ಷೆ ಮಾಡುವಾಗ ಮಗುವಿನ ಎದುರಿಗೆ ಕೂರುವುದಿಲ್ಲವಂತೆ. ಆಯಾ ಅದೇ ಶಾಲೆಯಲ್ಲಿದ್ದಾಳೆ, ಈಗ ಕನ್ನಡಕ ಬಂದಿದೆ. ಕೇಳಿದರೆ, ಅವತ್ತು ಆ ಮಗು ತನ್ನ ಸೆರಗನ್ನು ಎಲ್ಲಿ ಹಿಡಿದಿತ್ತು ಎಂದು ತೋರಿಸುತ್ತಾಳೆ. ತಂದೆ ಇದ್ದಾರೆ. ಹುಡುಗಿ ಇದ್ದಾಳೆ. ಅವಳಿಗೆ ನೆನಪಿದೆಯೇ ಎಂದು ನಾನು ಕೇಳಿಲ್ಲ. ಕೇಳುವುದಾದರೆ ಸದ್ದಿಲ್ಲದ ಕಡೆ, ಎದುರಿಗೆ ಕೂತು ಕೇಳಬೇಕು.